ಸುಸಂಸ್ಕೃತೆ ಆಗೋದು ಹೇಗೆ? ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಹೆಚ್ಚಾಗಿ ಇಪ್ಪತ್ತರಿಂದ ಇಪ್ಪತ್ತಾರರ ಹುಡುಗಿಯರು. ಓದು ಮುಗಿದಿದೆ, ಕೆಲಸ ಸಿಕ್ಕಿದೆ, ಊರು ಬಿಟ್ಟು ಬಂದು ಪಿ.ಜಿ.ಯಲ್ಲಿದ್ದಾರೆ. "ಸಂಗೀತ, ನಾಟಕ, ಪುಸ್ತಕ ಅಂತ ಮಾತು ಬಂದರೆ ನಾನು ಸುಮ್ಮನೆ ಕೂರುತ್ತೇನೆ. ನಮ್ಮ ಮನೆಯಲ್ಲಿ ಇದೆಲ್ಲ ಇರಲಿಲ್ಲ. ಈ ವಯಸ್ಸಿನಲ್ಲಿ ಕಲಿಯಬಹುದಾ?"

ಖಂಡಿತ ಕಲಿಯಬಹುದು. ಆದರೆ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮದುವೆ ಜಾಹೀರಾತಿನಲ್ಲಿ "ಸಂಸ್ಕಾರವಂತ ಹುಡುಗಿ ಬೇಕು" ಅಂತ ಹಾಕುತ್ತಾರಲ್ಲ, ಅಲ್ಲಿ ಬಹಳ ಸಲ ಅದರ ಅರ್ಥ "ಎದುರು ಮಾತಾಡದ ಹುಡುಗಿ" ಅಂತ. ಆ ಪಾಠ ಹೇಳಿಕೊಡಲು ನಾನು ಬರೆಯುತ್ತಿಲ್ಲ. ನನ್ನ ಪ್ರಕಾರ ಸಂಸ್ಕೃತಿಯ ಬೇರು ಇರುವುದು ಗಮನದಲ್ಲಿ. ಎದುರಿಗಿರುವ ಮನುಷ್ಯರು, ಕೇಳುತ್ತಿರುವ ಹಾಡು, ಉಟ್ಟಿರುವ ಬಟ್ಟೆ, ಯಾವುದೇ ಇರಲಿ, ಅದರ ಮೇಲೆ ಪೂರ್ತಿ ಗಮನ ಇಡಲು ಬರಬೇಕು. ಇದಕ್ಕೆ ದೊಡ್ಡ ಮನೆತನ ಬೇಕಿಲ್ಲ. 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ ಮತ್ತು ಅವಳ ಗಂಡ ಚೆಲ್ಲಿದ ಅಕ್ಕಿ ಆಯ್ದು ಬದುಕಿದವರು. ಗಂಡ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ, ಹೋಗಿ ಅಲ್ಲೇ ಸುರಿದು ಬಾ ಅಂದವಳು ಆಕೆ. ಅವಳ ವಚನಗಳನ್ನು ನಾವು ಇವತ್ತಿಗೂ ಓದುತ್ತೇವೆ.

ಬೇಕಾಗುವ ಸಾಮಾನು ಕಡಿಮೆ. ಒಂದು ನೋಟ್‌ಬುಕ್ಕು, ಒಂದು ಲೈಬ್ರರಿ ಕಾರ್ಡು, ವಾರಕ್ಕೆ ನಾಲ್ಕು ಗಂಟೆ, ತಿಂಗಳಿಗೆ ಒಂದು ಸಿನಿಮಾ ನೋಡುವಷ್ಟು ದುಡ್ಡು. ಒಂದು ವರ್ಷದ ಲೆಕ್ಕ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಬೇಡಿ. ಒಂದು ಹಂತ ರೂಢಿಯಾದ ಮೇಲೆ ಮುಂದಿನದಕ್ಕೆ ಹೋಗಿ. ಇನ್ನೊಂದು ಮಾತು: ಸಾವಿರಾರು ರೂಪಾಯಿ ತೆಗೆದುಕೊಂಡು ಎರಡೇ ದಿನದಲ್ಲಿ "ಪರ್ಸನಾಲಿಟಿ" ಕೊಡುತ್ತೇವೆ ಅನ್ನುವ ತರಗತಿಗಳಿಗೆ ಹೋಗಬೇಡಿ. ನಾನು ಒಂದಕ್ಕೆ ಹೋಗಿದ್ದೆ. ಫೋರ್ಕ್ ಹಿಡಿಯೋದು ಕಲಿತು ಬಂದೆ, ಅಷ್ಟೇ.

1. ಮಾತಿನಿಂದ ಶುರು ಮಾಡಿ

ಮೊದಲ ಎರಡು ತಿಂಗಳು ಇದಕ್ಕೇ ಇರಲಿ. ಹಣ ಬೇಡ, ಜಾಗ ಬೇಡ, ಆದರೆ ಎಲ್ಲಕ್ಕಿಂತ ಕಷ್ಟ ಇದೇ.

ಗೆಳತಿಯ ಜೊತೆ ಮಾತಾಡುವಾಗ, ಅವಳಿಗೆ ಹೇಳಿ, ನಿಮ್ಮ ಮಾತನ್ನು ಐದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಒಬ್ಬರೇ ಕೂತು ಕೇಳಿ. "ಆ್ಯಕ್ಚುಲಿ", "ಬೇಸಿಕಲಿ" ಎಷ್ಟು ಸಲ ಬಂತು? ಅವಳ ಮಾತನ್ನು ಎಷ್ಟು ಸಲ ಅರ್ಧಕ್ಕೆ ತುಂಡು ಮಾಡಿದಿರಿ? ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಎರಡನೇ ತಿಂಗಳಿಗೆ ಅಂಕಿ ತಾನಾಗಿ ಇಳಿಯುತ್ತದೆ. ಜೊತೆಗೆ ದಿನಾ ಹತ್ತು ನಿಮಿಷ ಕನ್ನಡ ಪತ್ರಿಕೆಯ ಒಂದು ಲೇಖನವನ್ನು ಗಟ್ಟಿಯಾಗಿ ಓದಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಮೊದಲ ವಾರ ನಾಲಿಗೆ ತೊಡರುತ್ತದೆ. ತೊಡರಲಿ ಬಿಡಿ.

ನಮ್ಮ ಭಾಷೆಯಲ್ಲೇ ಇರುವ ಕೆಲವು ನಯಗಳನ್ನು ಗಮನಿಸಿ. ಹೊರಡುವಾಗ ನಾವು "ಹೋಗ್ತೀನಿ" ಅನ್ನುವುದಿಲ್ಲ, "ಹೋಗಿ ಬರ್ತೀನಿ" ಅನ್ನುತ್ತೇವೆ. ಹಳಬರು ದೀಪ ಆರಿಸು ಎನ್ನದೆ "ದೀಪ ಶಾಂತ ಮಾಡು" ಅನ್ನುತ್ತಾರೆ. "ಧನ್ಯವಾದಗಳು" ವೇದಿಕೆಯ ಮಾತು. ಮನೆಗೆ ಬಂದು ಗ್ಯಾಸ್ ಸರಿ ಮಾಡಿಕೊಟ್ಟವರಿಗೆ "ತುಂಬಾ ಉಪಕಾರ ಆಯ್ತು" ಅಂದು ನೋಡಿ, ಅವರ ಮುಖ ಬೇರೆಯೇ ಆಗುತ್ತದೆ.

ಜನ ಜಾರುವುದು ಎರಡು ಕಡೆ.

ಒಂದು, ಬಹುವಚನ. ಮ್ಯಾನೇಜರಿಗೆ "ನೀವು", ಅಪ್ಪನ ವಯಸ್ಸಿನ ವಾಚ್‌ಮನ್‌ಗೆ "ನೀನು". ಕಸ ತೆಗೆಯಲು ಬರುವ ಹೆಂಗಸಿನ ಹೆಸರೇ ಗೊತ್ತಿರುವುದಿಲ್ಲ. ಇವತ್ತೇ ಕೇಳಿ ತಿಳಿದುಕೊಳ್ಳಿ, ಹೆಸರಿನ ಮುಂದೆ ಅಕ್ಕ ಅಥವಾ ಅಮ್ಮ ಸೇರಿಸಿ ಕರೆಯಿರಿ. ಒಬ್ಬರ ನಡತೆ ನೋಡಬೇಕಾದರೆ ನಾನು ಮೊದಲು ನೋಡುವುದು ಇದನ್ನೇ.

ಎರಡು, ಬೇರೆಯವರ ಕನ್ನಡಕ್ಕೆ ನಗುವುದು. ಧಾರವಾಡದವರ "ಬರ್ರಿ, ಕೂಡ್ರಿ"ಯನ್ನು ಅಣಕಿಸುವುದು, ಹಾಲನ್ನು "ಆಲು" ಎಂದವರನ್ನು ತಿದ್ದುವುದು, ಮಂಗಳೂರಿನವರ ಮಾತು ಪುಸ್ತಕದ ಹಾಗಿದೆ ಅನ್ನುವುದು. ಇದು ತಮಾಷೆ ಅಂತ ನಮಗೆ ಅನ್ನಿಸಿರುತ್ತದೆ. ಕೇಳಿಸಿಕೊಂಡವರು ಆಮೇಲೆ ನಮ್ಮೆದುರು ಬಾಯೇ ಬಿಡುವುದಿಲ್ಲ. ನಿಮ್ಮ ಊರಿನ ಮಾತನ್ನೂ ಹೀಗೆ ಮುಚ್ಚಿಡಬೇಡಿ, ಗೊತ್ತಾಯ್ತಾ?

"ಹೆಣ್ಣುಮಕ್ಕಳು ಮೆತ್ತಗೆ ಮಾತಾಡಬೇಕು" ಅನ್ನುವವರು ಸಿಕ್ಕೇ ಸಿಗುತ್ತಾರೆ. ಗಂಗೂಬಾಯಿ ಹಾನಗಲ್ (1913–2009) ಅವರದು ಗಂಡುದನಿ ಅನ್ನುವಷ್ಟು ಗಡುಸಾದ, ತಗ್ಗಿನ ದನಿ. ಆ ದನಿಯಲ್ಲೇ ಅವರು ಹಿಂದೂಸ್ತಾನಿ ಸಂಗೀತದ ದೊಡ್ಡ ಗಾಯಕಿಯಾದರು. ದನಿ ಎಷ್ಟಿದೆಯೋ ಅಷ್ಟಿರಲಿ. ಬಸ್ಸಿನಲ್ಲಿ ಮಾತ್ರ ಫೋನನ್ನು ಸ್ಪೀಕರಿಗೆ ಹಾಕಬೇಡಿ.

2. ಕಿವಿ ತಯಾರು ಮಾಡಿ: ಮೊದಲ ಕಚೇರಿ

ಅತಿ ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆ. "ಕಚೇರಿಗೆ ಹೋಗಲು ಆಸೆ, ಆದರೆ ಏನೂ ಅರ್ಥವಾಗಲ್ಲ, ಪಕ್ಕದವರು ನಗುತ್ತಾರೆ" ಅಂತ. ಪಕ್ಕದವರಲ್ಲೂ ಅರ್ಧ ಜನರಿಗೆ ಪೂರ್ತಿ ಗೊತ್ತಿರುವುದಿಲ್ಲ, ತಲೆ ತೂಗುತ್ತಿರುತ್ತಾರೆ. ಧೈರ್ಯವಾಗಿ ಹೋಗಿ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ 1905ರಲ್ಲಿ ಶುರುವಾದ ಗಾಯನ ಸಮಾಜ ಇದೆ. ರಾಮನವಮಿ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ದೊಡ್ಡ ಸಂಗೀತೋತ್ಸವ ನಡೆಯುತ್ತದೆ, 1939ರಿಂದ ಬಂದ ಪರಂಪರೆ ಅದು. ಮೈಸೂರಿನವರಿಗೆ ವಿ.ವಿ. ಮೊಹಲ್ಲಾದ 8ನೇ ಕ್ರಾಸಿನ ಗಣೇಶೋತ್ಸವ. ಹುಬ್ಬಳ್ಳಿ ಕಡೆಯವರಿಗೆ ಕುಂದಗೋಳದ ಸವಾಯಿ ಗಂಧರ್ವರ ನೆನಪಿನ ಉತ್ಸವ. ಗಂಗೂಬಾಯಿಯವರು ಪಾಠಕ್ಕೆಂದು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುತ್ತಿದ್ದ ಊರು ಅದು. ದೇವಸ್ಥಾನ ಮತ್ತು ಹಬ್ಬದ ಪೆಂಡಾಲುಗಳಲ್ಲಿ ಟಿಕೆಟ್ ಇಲ್ಲದ ಕಚೇರಿಗಳು ಬೇಕಾದಷ್ಟು ಸಿಗುತ್ತವೆ. ಮೊದಲು ಅಂಥವಕ್ಕೇ ಹೋಗಿ. ಬೇಜಾರಾದರೆ ಎದ್ದು ಬರಲು ಸುಲಭ.

ಕರ್ನಾಟಕ ಸಂಗೀತದ ಕಚೇರಿ ಸಾಮಾನ್ಯವಾಗಿ ಎರಡರಿಂದ ಮೂರು ಗಂಟೆ. ಅದರ ನಡೆ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಮೊದಲು ವರ್ಣ, ಅಂದರೆ ದನಿ ಮತ್ತು ಕೈಗಳನ್ನು ಹದಕ್ಕೆ ತರುವ ಕಟ್ಟಾದ ರಚನೆ. ಆಮೇಲೆ ಒಂದೆರಡು ಸಣ್ಣ ಕೃತಿಗಳು. ನಡುವೆ ಒಂದು ದೊಡ್ಡ ಕೃತಿ. ಅದಕ್ಕೆ ಮುಂಚೆ ಸಾಹಿತ್ಯವೂ ತಾಳವೂ ಇಲ್ಲದೆ ರಾಗವನ್ನು ನಿಧಾನವಾಗಿ ಬಿಡಿಸುತ್ತಾರೆ, ಅದು ಆಲಾಪನೆ. ಗಾಯಕಿ ಮುಗಿಸಿದ ಮೇಲೆ ಪಿಟೀಲಿನವರು ಅದೇ ರಾಗವನ್ನು ತಮ್ಮ ರೀತಿಯಲ್ಲಿ ನುಡಿಸುತ್ತಾರೆ. ಕೃತಿಯ ಒಂದೇ ಸಾಲನ್ನು ಹಿಡಿದು, ಮಾತು ಬದಲಿಸದೆ ಮತ್ತೆ ಮತ್ತೆ ಬೇರೆ ಬೇರೆ ರೀತಿಯಲ್ಲಿ ಹಾಡುತ್ತಾ ಹೋಗುವುದು ನೆರವಲ್. ರಾಗ ಅದೇ ಇರುತ್ತದೆ, ಸ್ವರಗಳ ಓಡಾಟ ಬೇರೆಯಾಗುತ್ತದೆ. ಸ-ರಿ-ಗ-ಮ ಅಂತಲೇ ಆ ಕ್ಷಣದಲ್ಲಿ ಹೆಣೆದು ಹಾಡುವುದು ಕಲ್ಪನಾಸ್ವರ. ಕೊನೆಗೆ ದೇವರನಾಮ, ತಿಲ್ಲಾನ, ಮಂಗಳ.

ದೊಡ್ಡ ಕೃತಿಯ ಹಿಂದೆಯೇ ತನಿ ಆವರ್ತನ ಬರುತ್ತದೆ. ಹಾಡು ನಿಂತು, ಮೃದಂಗದವರು ಒಬ್ಬರೇ, ಘಟ ಅಥವಾ ಖಂಜೀರ ಇದ್ದರೆ ಅವರ ಜೊತೆ ಸೇರಿ, ನುಡಿಸುವ ಭಾಗ. ಸರಿಯಾಗಿ ಇದೇ ಹೊತ್ತಿಗೆ ಸಭೆಯಲ್ಲಿ ಅರ್ಧ ಜನ ಕಾಫಿಗೆ ಏಳುತ್ತಾರೆ. ನೀವು ಏಳಬೇಡಿ. ಎರಡು ಗಂಟೆ ಬೇರೆಯವರ ಹಾಡಿಗೆ ನೆರಳಾಗಿ ನುಡಿಸಿದವರಿಗೆ ಸಿಗುವುದು ಅದೊಂದೇ ಹೊತ್ತು. ಎದ್ದು ಹೋಗಲೇಬೇಕಾದರೆ ಎರಡು ಹಾಡುಗಳ ನಡುವೆ ಹೋಗಿ.

ಕೂತಲ್ಲಿ ಮಾಡಲು ಒಂದು ಕೆಲಸ ಇದ್ದರೆ ನಿದ್ದೆ ಬರುವುದಿಲ್ಲ. ಆದಿತಾಳ ಹಾಕಲು ಕಲಿಯಿರಿ. ಎಂಟು ಎಣಿಕೆ: ತೊಡೆಯ ಮೇಲೆ ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಮತ್ತೆ ತಟ್ಟು, ಅಂಗೈ ತಿರುವು, ತಟ್ಟು, ತಿರುವು. ಮನೆಯಲ್ಲಿ ಒಂದು ವಾರ ಅಭ್ಯಾಸ ಮಾಡಿ ಹೋಗಿ. ಸದ್ದು ಬರದ ಹಾಗೆ ಹಾಕಿ, ಪಕ್ಕದವರಿಗೆ ನಿಮ್ಮ ತಾಳ ಕೇಳಿಸಬಾರದು. ಎಲ್ಲ ಹಾಡೂ ಆದಿತಾಳದಲ್ಲಿ ಇರುವುದಿಲ್ಲ. ಲೆಕ್ಕ ತಪ್ಪಿದರೆ ಕೈ ಬಿಟ್ಟು ಸುಮ್ನೆ ಕೇಳಿ.

ರಾಗ ಗುರುತಿಸುವ ಆತುರ ಬೇಡ. ಮೊದಲ ಆರು ತಿಂಗಳಿಗೆ ಮೂರು ರಾಗ ಸಾಕು: ಮೋಹನ, ಹಂಸಧ್ವನಿ, ಕಲ್ಯಾಣಿ. ಮೋಹನದಲ್ಲಿ ಐದೇ ಸ್ವರ, ಸ ರಿ ಗ ಪ ದ. ಹಂಸಧ್ವನಿಯಲ್ಲೂ ಐದೇ, ಆದರೆ ದ ಬದಲು ನಿ. ಎರಡನ್ನೂ ಒಂದರ ಹಿಂದೆ ಒಂದು ಕೇಳುತ್ತಾ ಹೋದರೆ ಆ ಒಂದು ಸ್ವರ ಬದಲಾದಾಗ ಏನಾಗುತ್ತದೆ ಅಂತ ಒಂದು ದಿನ ತಟ್ಟನೆ ಹೊಳೆಯುತ್ತದೆ. ಆ ದಿನ ನನಗೆ ಬರೆಯಿರಿ. ಹಿಂದೂಸ್ತಾನಿ ಕೇಳುವವರು ಮೋಹನದ ಜಾಗದಲ್ಲಿ ಭೂಪ್ ಹಿಡಿಯಿರಿ. ತಾಳಕ್ಕೆ ಹದಿನಾರು ಮಾತ್ರೆಯ ತೀನ್‌ತಾಲ್. ಅದರ ಮೊದಲ ಮಾತ್ರೆಗೆ ಸಮ್ ಅನ್ನುತ್ತಾರೆ. ಗಾಯಕಿ ಎಲ್ಲೆಲ್ಲೋ ಸುತ್ತಿ ಬಂದು ತಬಲಾದ ಜೊತೆ ಸಮ್ ಮೇಲೆ ಸೇರುವುದನ್ನೇ ಕಾಯುತ್ತಾ ಕೂರಿ.

ಮಾಡಬಾರದ್ದು: ಜೊತೆಗೆ ಹಾಡುವುದು, ಪಕ್ಕದವರಿಗೆ ರಾಗದ ಹೆಸರು ಪಿಸುಗುಡುವುದು, ಫೋನ್ ಎತ್ತಿ ಹಿಡಿದು ವಿಡಿಯೊ ಮಾಡುವುದು. ಹಿಂದಿನವರಿಗೆ ಗಾಯಕಿ ಕಾಣುವುದಿಲ್ಲ, ನಿಮ್ಮ ಪರದೆ ಕಾಣುತ್ತದೆ.

3. ಓದು

ಇದು ಎಲ್ಲರಿಗೂ ಗೊತ್ತಿರುವ ವಿಷಯ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ದಿನಾ ಇಪ್ಪತ್ತು ನಿಮಿಷ. ಮೊದಲು ಸಣ್ಣಕಥೆ, ಆಮೇಲೆ ಕಾದಂಬರಿ. ದೊಡ್ಡ ಪ್ರಶಸ್ತಿ ಬಂದ ದಪ್ಪ ಪುಸ್ತಕದಿಂದ ಶುರು ಮಾಡಿದವರು ಮೂವತ್ತನೇ ಪುಟದಲ್ಲಿ ನಿಂತು, ಓದು ತಮ್ಮ ಕೈಲಾಗದ್ದು ಅಂದುಕೊಳ್ಳುತ್ತಾರೆ. ಐವತ್ತು ಪುಟ ಓದಿಯೂ ಹಿಡಿಸದಿದ್ದರೆ ಬಿಟ್ಟುಬಿಡಿ, ಪಾಪ ಬರುವುದಿಲ್ಲ. ಮುಗಿಸಿದ್ದರ ಬಗ್ಗೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ. "ಚೆನ್ನಾಗಿದೆ" ಅನ್ನುವ ಪದ ಆ ಮೂರು ಸಾಲಿನಲ್ಲಿ ಬರಕೂಡದು. ಇದೊಂದು ನಿಯಮ ಪಾಲಿಸಿ, ಆಫೀಸಿನಲ್ಲಿ ಮಾತು ಬಂದಾಗ ಹೇಳಲು ನಿಮ್ಮದೇ ಒಂದು ಮಾತು ಇರುತ್ತದೆ.

ಪುಸ್ತಕ ಕೊಳ್ಳುವ ಮೊದಲು ಸಾರ್ವಜನಿಕ ಗ್ರಂಥಾಲಯದ ಸದಸ್ಯೆಯಾಗಿ. ಬೆಂಗಳೂರಿನವರು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿಗೆ ಒಮ್ಮೆ ಹೋಗಿ ಕೂತು ಬನ್ನಿ.

ಹಳಗನ್ನಡ, ನಡುಗನ್ನಡ ಕಾವ್ಯ ಅಂದರೆ ಹೆದರುವವರು ಗಮಕ ಕೇಳಬೇಕು. ಗಮಕ ಎಂದರೆ ಕಾವ್ಯದ ಪದ್ಯವನ್ನು ರಾಗವಾಗಿ, ಅರ್ಥ ಕೆಡದಂತೆ ವಾಚಿಸುವ ಕಲೆ. ಒಬ್ಬರು ವಾಚಿಸುತ್ತಾರೆ, ಇನ್ನೊಬ್ಬರು ಪದ್ಯದಿಂದ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಇದಕ್ಕೆ ಹೆಸರಾದ ಊರು. ಪುಸ್ತಕದಲ್ಲಿ ಕಬ್ಬಿಣದ ಕಡಲೆಯಾದದ್ದು ಕಿವಿಯಲ್ಲಿ ಕರಗುತ್ತದೆ.

4. ನಾಟಕ

ತಿಂಗಳಿಗೊಂದು ನೋಡಿ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಶುರುವಾದ ರಂಗಶಂಕರಕ್ಕೆ ಹೋಗುವವರು ನೆನಪಿಡಿ: ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ಟ್ರಾಫಿಕ್ ಅಂತ ಹೇಳಿ ಪ್ರಯೋಜನವಿಲ್ಲ. ಬೇರೆ ಊರುಗಳವರು ಹೆಗ್ಗೋಡಿನ ನೀನಾಸಂನ ತಿರುಗಾಟದ ತಂಡ ಯಾವಾಗ ಬರುತ್ತದೆ ಅಂತ ಕಣ್ಣಿಟ್ಟಿರಿ. 1985ರಿಂದ ಅದು ಊರೂರಿಗೆ ನಾಟಕ ಹೊತ್ತು ತರುತ್ತಿದೆ.

ಕರಾವಳಿಯವರು ತಾಳಮದ್ದಳೆ ಬಿಡಬೇಡಿ. ಇದು ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಬಾಯಿಪಾಠ ಅಲ್ಲ, ಆ ಕ್ಷಣಕ್ಕೆ ಹುಟ್ಟಿದ ಮಾತು. ದನಿ ಏರಿಸದೆ ವಾದದಲ್ಲಿ ಗೆಲ್ಲುವುದು ಹೇಗೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ನಾನು ಕಂಡಿಲ್ಲ.

5. ಉಡುಗೆ: ಕಡಿಮೆ ಕೊಳ್ಳಿ, ತಿಳಿದು ಕೊಳ್ಳಿ

ಸೀರೆಯೇ ಉಡಬೇಕು ಅಂತ ನಾನು ಹೇಳುವುದಿಲ್ಲ. ಇಸ್ತ್ರಿಯಾದ ಹತ್ತಿ ಚೂಡಿದಾರ್ ಸಾಕು. ಆದರೆ ವರ್ಷಕ್ಕೆ ಒಂದಾದರೂ ಕೈಮಗ್ಗದ ಬಟ್ಟೆ ಕೊಂಡು, ಅದು ಹೇಗೆ ಆಯಿತು ಅಂತ ತಿಳಿಯಿರಿ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡ ಓಡುವ ಎಳೆ ಹೊಕ್ಕು. "ಹಾಸುಹೊಕ್ಕು" ಅಂತ ನಾವು ದಿನಾ ಆಡುವ ಮಾತು ಮಗ್ಗದಿಂದ ಬಂದದ್ದು. ಇಳಕಲ್‌ನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಅಂಗಡಿಯಲ್ಲಿ ಸೆರಗು ಶುರುವಾಗುವ ಜಾಗವನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿ, ಆ ಕೂಡಿಕೆ ಕೈಗೆ ಸಿಗುತ್ತದೆ.

ಮೋಸ ಹೋಗುವುದು ಒಂದು ಪದದಲ್ಲಿ: ಆರ್ಟ್ ಸಿಲ್ಕ್. ಇಲ್ಲಿ ಆರ್ಟ್ ಅಂದರೆ ಕಲೆ ಅಲ್ಲ, ಕೃತಕ ಅನ್ನುವ ಇಂಗ್ಲಿಷ್ ಪದದ ಮೊಟಕು. ಬಹುಪಾಲು ಅದು ರೇಯಾನ್. ಅದನ್ನು ಕೊಳ್ಳುವುದು ತಪ್ಪಲ್ಲ, ರೇಷ್ಮೆಯ ಬೆಲೆ ಕೊಟ್ಟು ಕೊಳ್ಳುವುದು ತಪ್ಪು. ಮನೆಗೆ ತಂದ ಮೇಲೆ ಅಂಚಿನಿಂದ ಹೊರಬಂದ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಮತ್ತು ರೇಯಾನ್ ಕಾಗದದ ಹಾಗೆ ಸುಡುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಜರಿ ಸೀರೆಯ ಮೇಲೆ ಸೆಂಟು ಹೊಡೆಯಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಟ್ಟು, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

6. ಪಂಕ್ತಿ ಮತ್ತು ನೆಂಟರು

ಬಾಳೆಯೆಲೆಯ ಊಟಕ್ಕೆ ಕೂತಾಗ ಎಲೆಯ ತುದಿ ನಿಮ್ಮ ಎಡಕ್ಕೆ ಇರಲಿ. ಎಲ್ಲರಿಗೂ ಬಡಿಸುವ ತನಕ ಕಾಯಿರಿ. ಬೇಡವಾದ್ದನ್ನು ಬಡಿಸುವ ಮೊದಲೇ ಕೈ ಅಡ್ಡ ಹಿಡಿದು ಸಾಕು ಅನ್ನಿ, ಹಾಕಿಸಿಕೊಂಡು ಬಿಡಬೇಡಿ. ಪಕ್ಕದ ಅಜ್ಜಿಯ ಊಟ ಮುಗಿಯದೆ ಏಳಬೇಡಿ. ಎದ್ದ ಮೇಲೆ ಬಡಿಸಿದವರಿಗೆ, ಅಡುಗೆ ಭಟ್ಟರು ಕಂಡರೆ ಅವರಿಗೂ, ಯಾವ ಪದಾರ್ಥ ಇಷ್ಟವಾಯಿತು ಅಂತ ಹೆಸರು ಹಿಡಿದು ಹೇಳಿ.

ನಿಮ್ಮ ರೂಮಿಗೆ ಯಾರಾದರೂ ಬಂದರೆ ಮೊದಲು ನೀರು. ಹಿಂದೆ ಜೊತೆಗೊಂದು ಚೂರು ಬೆಲ್ಲ ಕೊಡುತ್ತಿದ್ದರು, ಬಿಸಿಲಲ್ಲಿ ನಡೆದು ಬಂದವರಿಗೆ ಅದೇ ಹಿತ. ಬೆಲ್ಲದ ಡಬ್ಬಿ ಇಡಲು ಪಿ.ಜಿ.ಯಲ್ಲೂ ಜಾಗ ಇರುತ್ತದೆ ಅಲ್ವಾ?

ಮುಂದೆ ನಿಮ್ಮದೇ ಮನೆ ಆದಾಗ ಹಬ್ಬಕ್ಕೆ ಅರಿಶಿನ-ಕುಂಕುಮ ಕೊಡುವ ಸಂದರ್ಭ ಬರುತ್ತದೆ. ಗಂಡ ತೀರಿಕೊಂಡವರನ್ನು ಬಿಟ್ಟು ಉಳಿದವರಿಗೆ ಕೊಡುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿ ಇದೆ. ತಟ್ಟೆ ನಿಮ್ಮ ಕೈಯಲ್ಲಿದ್ದಾಗ ಯಾರನ್ನೂ ದಾಟಿ ಮುಂದೆ ಹೋಗಬೇಡಿ. ಹಿರಿಯರು ಗೊಣಗಬಹುದು. ಗೊಣಗಲಿ.

7. ಕೈಗೊಂದು ಕೆಲಸ: ಕಸೂತಿ

ಕೊನೆಯ ಮೂರು ತಿಂಗಳಿಗೆ ಕೈಯಿಂದ ಮಾಡುವ ಏನಾದರೂ ಒಂದನ್ನು ಹಿಡಿಯಿರಿ. ರಂಗೋಲಿ, ಹೂ ಕಟ್ಟುವುದು, ವೀಣೆ, ಯಾವುದಾದರೂ ಸರಿ. ನಾನು ಹೇಳುವುದು ಧಾರವಾಡ ಕಡೆಯ ಕಸೂತಿ. ಖರ್ಚು ಕಡಿಮೆ, ಬಸ್ಸಿಗೆ ಕಾಯುವಾಗಲೂ ಮಾಡಬಹುದು.

ಹೊಲಿಗೆ ನಾಲ್ಕು ಬಗೆ. ಗವಂತಿ ಅಂದರೆ ನೇರ ಸಾಲಿನ ಹೊಲಿಗೆ. ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಖಾಲಿ ಬಿಟ್ಟದ್ದನ್ನು ತುಂಬುವುದು. ಮುರ್ಗಿ ಅದೇ ರೀತಿ, ಆದರೆ ಮೆಟ್ಟಿಲಿನ ಹಾಗೆ ಏರಿಳಿಯುತ್ತದೆ. ನೇಗಿ ನೇಯ್ಗೆಯಂತೆ ಕಾಣುತ್ತದೆ. ಮೆಂತೆ ಅಡ್ಡಡ್ಡ ದಾಟುವ, ಮೆಂತ್ಯದ ಕಾಳಿನಂಥ ಹೊಲಿಗೆ. ಗೋಪುರ, ತೇರು, ಆನೆ, ತುಳಸಿ ಕಟ್ಟೆ ಎಲ್ಲವೂ ಇವುಗಳಿಂದಲೇ ಆಗುತ್ತವೆ.

ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹೊಲಿಯಬೇಕು. ಅದಕ್ಕೇ ಶುರುವಿಗೆ ಎಳೆ ಬಿಡಿಬಿಡಿಯಾಗಿ ಕಾಣುವ ಬಟ್ಟೆ ಬೇಕು. ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಅಂತ ಕೇಳಿ. ಜೊತೆಗೆ ಮೊಂಡು ತುದಿಯ ಸೂಜಿ, ಒಂದೇ ಬಣ್ಣದ ದಾರ. ಮೊದಲ ತಿಂಗಳು ಗವಂತಿ ಮಾತ್ರ. ಚಿಕ್ಕ ಚೌಕ ಹಾಕಿ, ಆಮೇಲೆ ಚೌಕದೊಳಗೆ ಚೌಕ.

ದಾರಕ್ಕೆ ಗಂಟು ಹಾಕಬಾರದು. ಶುರುವಿನ ತುದಿಯನ್ನೂ ಕೊನೆಯ ತುದಿಯನ್ನೂ ಹೊಲಿಗೆಯ ಒಳಗೇ ಸೇರಿಸಿ ಮರೆಮಾಡಬೇಕು. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಚೌಕ ಮುಗಿದ ಮೇಲೆ ಬಟ್ಟೆ ತಿರುಗಿಸಿ. ಹಿಂಬದಿಯಲ್ಲಿ ಒಂದು ಎಳೆ ಓರೆಯಾಗಿ ದಾಟಿದ್ದರೆ, ಎಲ್ಲೋ ಎಣಿಕೆ ತಪ್ಪಿದೆ ಅಂತ. ಅಲ್ಲಿಯ ತನಕ ಬಿಚ್ಚಿ, ಮತ್ತೆ ಎಣಿಸಿ.